ಕಡಲ್ಗಳ್ಳರ ಲೆಕ್ಕ

ಶಹಾಬಾದಿನ ನಾಡಕಚೇರಿ. ಸರ್ವರ್ ಬಂದಾಗಿ ಎರಡು ತಾಸು.
ವಂಶಾವಳಿ ಬೇಕಂತ ಬಂದ ಹದಿನೇಳು ಮಂದಿ
ಫರ್ಸಿ ನೆಲದ ಮ್ಯಾಲ ತಂಪಿಗೆ ಕೂತಾರ.
ಫ್ಯಾನಿನ ಗಾಳಿ ನನ್ನ ಮೇಜಿಗಷ್ಟೇ ಬರ್ತದ,
ಈ ಹುದ್ದೆಗಿರೋ ಸವಲತ್ತು ಅದೊಂದೇ.

ಖಣಿಯಾಗ ಮೂವತ್ತು ವರ್ಷ ಕಲ್ಲು ಸೀಳಿದ ಮೌಲಾಲಿ
ಅರ್ಜಿ ಮುಂದಿಟ್ಟು ಕೇಳಿದ:
"ಸಾಹೇಬ್ರ, ಇದರಾಗ ಮೂರೇ ತಲಿಗೆ ಜಾಗ ಅದ.
ಅದಕ್ಕೂ ಹಿಂದಿನಾಂವ ಹಡಗು ಲೂಟಿ ಮಾಡ್ತಿದ್ನಂತ,
ನಮ್ಮಜ್ಜಿ ಹೇಳ್ತಿದ್ಲು. ಎಲ್ಲಿ ಬರಸ್ಲಿ?"
ಮಂದಿ ನಕ್ಕರು. ಕಾಗಿಣಾದಾಗ ಎಮ್ಮಿ ಮುಣುಗೋ ನೀರಿಲ್ಲ,
ಹಡಗು ಎಲ್ಲಿಂದ ಬರಬೇಕು?
"ಕಸುಬಿಗೆ ಕಾಲಂ ಇಲ್ಲ ಕಾಕಾ," ಅಂದೆ.

ಆದ್ರ ಕೈ ಸುಮ್ಮನಿರಲಿಲ್ಲ. ರದ್ದಿ ಹಾಳಿ ತಗೊಂಡೆ.
ಇಬ್ಬರು, ನಾಲ್ವರು, ಎಂಟು, ಹದಿನಾರು,
ಹತ್ತನೇ ತಲಿಗೆ ಸಾವಿರದ ಇಪ್ಪತ್ನಾಲ್ಕು,
ಇಪ್ಪತ್ತನೇದಕ್ಕ ಹತ್ತು ಲಕ್ಷ ದಾಟ್ತು.
ಹತ್ತು ಸಾವಿರಕ್ಕೊಬ್ಬ ಕಡಲ್ಗಳ್ಳ ಅಂತ ಹಿಡಿದ್ರೂ
ನನ್ನ ಬೆನ್ನ ಹಿಂದ ನೂರು ಮಂದಿ
ಕುದುರಿ ಹೇರಿದ ಹಡಗಿಗೆ ಕಾಯ್ಕೋತ ಕೂತಾರ.

ಲೆಕ್ಕ ತಪ್ಪು. ನಮ್ಮವ್ವ ನಮ್ಮಪ್ಪಗ ಸ್ವಂತ ಅಕ್ಕನ ಮಗಳು.
ಅಪ್ಪನ ಅವ್ವ, ಅವ್ವನ ಅವ್ವನ ಅವ್ವ, ಇಬ್ಬರೂ ಒಬ್ಬಾಕಿನೇ:
ಗುಂಡಮ್ಮ, ಎರಡು ಖಾನೆಯೊಳಗ ಒಂದೇ ಹೆಸರು.
ನಮ್ಮ ಗಿಡ ಮ್ಯಾಲ ಹೋದಂಗ ಅಗಲಾಗೋದಿಲ್ಲ,
ಹಗ್ಗದಂಗ ತನಗ ತಾನೇ ಸುತ್ಕೋತದ.
ಎಂಟು ಊರು, ಅದೇ ಮಾವಂದಿರು, ಅದೇ ಕುಬಸ,
ಹೊರಗಿನಾಂವ ನುಸುಳಲಿಕ್ಕೆ ಸಂದಿಲ್ಲ.

ಒಬ್ಬ ನುಸುಳಿದ್ರ?
ಕುದುರಿ ಮಾರ್ಲಿಕ್ಕೆ ಬಂದಾಂವ, ಜ್ವರ ಹಿಡಿದು ಉಳಿದು,
ಹೆಸರು ಬದಲಿಸಿ ಯಾರದೋ ಒಲಿ ಮುಂದ
ಜೋಳದ ರೊಟ್ಟಿ ಬಡಿಯೋ ಸಪ್ಪಳಕ್ಕ ಒಗ್ಗಿದ್ರ?
ಆಗ ಅದೇ ಹಗ್ಗ ಅವನನ್ನ ಎಲ್ಲರೊಳಗೂ ಹೊಸದುಬಿಡ್ತದ.
ಇದ್ರ ಎಲ್ಲರಿಗೂ ಅದಾನ, ಇಲ್ದಿದ್ರ ಯಾರಿಗೂ ಇಲ್ಲ.
ಮೌಲಾಲಿಯಿಂದ ಮೊಳ ದೂರ ಸರಿದು ಕೂತ ಗೌಡ್ರಿಗೂ,
ಮನಿ ನೀರು ಬಾಟ್ಲಿಯಾಗ ತಂದ ಜೋಶಿಯವರಿಗೂ,
ಸಹಿ ಮಾಡೋ ನನಗೂ.

"ಸಮುದ್ರ ಎಲ್ಲದ ಅಂತೀರಿ," ಮೌಲಾಲಿ ನೆಲ ಸವರಿದ,
"ಇದೇನ್ರಿ ಮತ್ತ?"
ಫರ್ಸಿ ಮ್ಯಾಲ ಸಣ್ಣ ಸಣ್ಣ ಅಲಿ, ಒಂದರ ಹಿಂದೊಂದು,
ನೀರು ನಿನ್ನೆ ಸರಿದು ಹೋದಂಗ.
ಹನ್ನೊಂದು ವರ್ಷ ತುಳಿದೀನಿ, ನೋಡಿರಲಿಲ್ಲ.
"ಖಣಿಯಾಗ ಬೇಕಾದಷ್ಟು ಸಿಗ್ತಾವ.
ಸಪಾಟಿಲ್ಲಲ್ಲ, ರೇಟು ಕಡಿಮಿ."

ಸರ್ವರ್ ಬಂತು.
ಮೊದಲಿನ ಅರ್ಜಿ ಮೂವರು ಅಣ್ತಮ್ಮಂದಿರದು, ನಾಲ್ಕು ಎಕರೆ.
"ಹೆಣ್ಮಕ್ಕಳು?"
"ಇಲ್ರಿ." ಮೂವರೂ ಒಟ್ಟಿಗೇ ಅಂದರು, ಹುಟ್ಟು ಹಾಕಿದಂಗ.
ಬಾಗಿಲ ಹೊರಗ ಒಬ್ಬಾಕಿ, ಅವರದೇ ಮೂಗು,
ಕೊಡಿ ಮಡಚ್ಕೋತ ನಿಂತಿದ್ಲು.

ಕೇಳಬೇಕಾದಾಂವ ನಾನು. ಕರ್ಸರ್ ಮಿಣುಕ್ತಿತ್ತು.
ನಮ್ಮ ಮನಿ ವಂಶಾವಳಿನೂ ನಾನೇ ಬರದಿದ್ದು,
ನನ್ನ ಅಕ್ಷರ ದುಂಡಗದ ಅಂತ.
ಅದರಾಗ ಸುಗಲಾ ಇಲ್ಲ.
ಪಂಚಮಿಗೆ ಶೇಂಗಾ ಉಂಡಿ ಕಟ್ಕೊಂಡು ಬರ್ತಾಳ,
ಹೋಗೋವಾಗ ನನ್ನ ಮಗಳ ಕೈಯಾಗ
ನೂರರ ನೋಟು ಮಡಚಿ ಇಡ್ತಾಳ.

ಇಪ್ಪತ್ತು ತಲಿ ಹಿಂದಕ್ಕ ಹೋಗಿ ಹುಡುಕ್ಲಾಕತ್ತಿದ್ದೆ.

"ಹೊರಗ ನಿಂತಾಕಿನ್ನ ಒಳಗ ಕರೀರಿ," ಅಂದೆ.
ಅಷ್ಟರಾಗ ಸರ್ವರ್ ಮತ್ತ ಹೋಯ್ತು.
ಆಕಿ ಬಂದು ಎಲ್ಲಿ ಕೂಡ್ಲಿ ಅಂತ ನೋಡಿದ್ಲು.
ಮೌಲಾಲಿ ಸರಿದು, ಅಲಿ ಮ್ಯಾಲ ಜಾಗ ಕೊಟ್ಟ.