ಹೆಬ್ಬೆಟ್ಟು

ಯಾದಗಿರಿ, ಸ್ಟೇಷನ್ ರೋಡು, ಹಲ್ಲಿನ ದವಾಖಾನಿ.
ಕುಂದ್ರೋ ಬೆಂಚಿನ ಎದುರು, ಗ್ವಾಡಿಗೆ ಹತ್ತಿ,
ನಾಕು ಫೂಟಿನ ಮೀನಿನ ಪೆಟ್ಟಿಗಿ.
ಗಲ್ಲ ಹಿಡಕೊಂಡು ಬಂದವರೆಲ್ಲ ಅದನ್ನೇ ನೋಡತಿದ್ದರು.
ಮೀನಿಗೆ ಹಲ್ಲು ಇರ್ತಾವೇನು ಅಂತ
ಒಬ್ಬ ಹುಡುಗ ನನ್ನ ಕೇಳಿದ್ದ.

ಆಯಿತವಾರ ಬೆಳಿಗ್ಗೆ ಕೀಲಿ ತಗದ್ರ
ಹಾಸುಗಲ್ಲ ತುಂಬ ನೀರು.
ಮುಂದಿನ ಗಾಜಿನ್ಯಾಗ ಕೆಳಗಿಂದ ಮ್ಯಾಲಕ ಒಂದು ಗೆರಿ,
ನಕಾಶಿದಾಗಿನ ಭೀಮಾ ಹೊಳಿಯಂಗ ಸೊಟ್ಟ.
ಐದೂ ಮೀನು ನೆಲ ವರಸೋ ಬಕೀಟಿಗೆ ಹಾಕಿದೆ.
ಬಾಯಿ ತೆಗೀಲತ್ತವು, ಮುಚ್ಚಲತ್ತವು,
ಡಾಕ್ಟರು ‘ಆ ಅನ್ರಿ’ ಅಂದಂಗ.

ಜಿಲಾನಿ ಮಾಮಾಗ ಫೋನ್ ಹಚ್ಚಿದೆ.
ಹನ್ನೊಂದು ವರ್ಷದ ಹಿಂದ ಇದನ್ನ ಕಟ್ಟಿದವ ಆತನೇ.
ಆಟೋದಾಗ ಬಂದ. ರಜಾಯಿ ಸುತ್ತಿದ ಹೊಸಾ ಗಾಜು
ತೊಡಿ ಮ್ಯಾಲ ಅರ್ಧ, ರಸ್ತಾದ ಮ್ಯಾಲ ಅರ್ಧ.

ಗೆರಿ ಮ್ಯಾಲ ಒಂದೀಟು ಸಿಲಿಕಾನ್ ಬಡದ್ರ
ಮುಗೀತಲ್ಲ ಮಾಮಾ, ಅಂದೆ.
“ಹಳೀದರ ಮ್ಯಾಲ ಹೊಸಾದು ಹತ್ತಂಗಿಲ್ಲ ಬೇಟಿ.
ಹತ್ತಿದಂಗ ಕಾಣ್ತದ. ನೀರು ತುಂಬು, ಬಿಡ್ತದ.
ಬರೀ ಗಾಜು ಬರೋತನಕ ಕೆರೀಬೇಕು.”

ಒಡದ ಗಾಜು ಬಿಡಿಸಿ ಗ್ವಾಡಿಗೆ ಆನಿಸಿ
ಕೆರೀಲಿಕ್ಕ ಕುಂತ್ವಿ.
ದಾಡಿ ಬ್ಲೇಡು ಮಲಗಿಸಿ ಹಿಡೀಬೇಕು,
ನಿಂದ್ರಿಸಿದ್ರ ಗಾಜಿಗೆ ಗೀರು.
ಮಾಮಾನ ಬಲಗೈಯಾಗ ನಾಕೇ ಬೆರಳು.
ಹೆಬ್ಬೆಟ್ಟು ಹೋಗಿ ಮೂರು ವರ್ಷ,
ಗಾಜಿನ ಅಂಚು ಉಜ್ಜೋ ಗಾಲಿಗೆ ಸಿಕ್ಕು.
ಎರಡು ಬೆರಳ ಸಂದ್ಯಾಗ ಬ್ಲೇಡು
ಬೀಡಿ ಹಿಡದಂಗ ಹಿಡದು ಕೆರೀತಾನ.
ಬಿಟ್ಟದ್ದು ಶ್ಯಾವಿಗಿ ಎಳಿಯಂಗ ಬರ್ತದ,
ಬಿಡದ್ದು ಬಿಡಂಗಿಲ್ಲ.
ಮೂಲಿಗೆ ಬ್ಲೇಡು ಹೋಗವಲ್ದು.
ಒಳಗ ಹೋಗಿ, ಹಲ್ಲಿನ ಕಿಟ್ಟ ತೆಗಿಯೋ
ಹಳೀ ಕೊಕ್ಕಿ ತಂದೆ. ಡಾಕ್ಟರಿಗೆ ಹೇಳಬ್ಯಾಡ್ರಿ.

ಆ ಕೊಕ್ಕೀಲೇ ಎಡಮೂಲಿ ಎಳಿ
ಹರೀದಂಗ, ಇಡೀದೇ ಬಂತು.
ಬೆರಳು ಎಳಕೋತ ಬಂದು ನಿಂತ ಜಾಗಾದಾಗ,
ಕಟ್ಟ ಕಡೀಗೆ,
ಸಣ್ಣ ಸಣ್ಣ ಸುತ್ತು, ಸುತ್ತಿನೊಳಗ ಸುತ್ತು.
ಮಾಮಾ ಚಷ್ಮಾ ಹಣಿಗೇರಿಸಿ ನೋಡಿದ.
ಬಾಳೊತ್ತು ನೋಡಿದ.
“ಇದು ನಂದೇ.”

ಆತಗ ಸಹಿ ಬರ್ತದ, ಉರ್ದೂದಾಗೂ ಕನ್ನಡದಾಗೂ.
ಹೆಬ್ಬೆಟ್ಟಿನ ಮನುಷ್ಯಾ ಅಲ್ಲ ನಾ ಅಂತ
ಬ್ಯಾಂಕಿನ್ಯಾಗ ಜಗಳಾ ತಗದವ.
ಈಗ ರೇಷನ್ ಅಂಗಡಿ ಮಷೀನು ಬೆರಳೇ ಕೇಳ್ತದ.
ಉಳದ ಬೆರಳಿನ ಗೆರಿ
ಗಾಜಿನ ಪುಡಿ ತಿಂದು ಸಾಫಾಗ್ಯಾವ.
“ಇದನ್ನ ಒಯ್ದು ಒತ್ತಲೇನು?
ಐದು ಕಿಲೋ ಅಕ್ಕಿ ಕೊಟ್ಟಾರು.”
ನಕ್ಕ. ನಾ ನಗಬೇಕೋ ಬ್ಯಾಡೋ ತಿಳೀಲಿಲ್ಲ.
ಆಮ್ಯಾಲ ಅದನ್ನೂ ಉಳದ ಎಳಿ ಜೋಡಿ
ಕಸದ ಕ್ಯಾರಿಬ್ಯಾಗಿಗೆ ಹಾಕಿ
ಸ್ಪಿರಿಟ್ ಕೊಡು ಅಂದ.

ಮೂರು ಸಲ ವರಸಿದ್ವಿ.
ಕೈ ತಾಗಿದ್ರ ಮತ್ತ ವರಸು,
ಬೆರಳಿನ ಜಿಡ್ಡೂ ಹಳೀದೇ ಅಂತ.
ಕೋಟಿ ಗುಡ್ಡದ ಕಾವು ಕಿಡಕಿತನಕ ಬಂದಿತ್ತು, ಕರೆಂಟಿಲ್ಲ.
ಬೆವರ ಹನಿ ಬಿದ್ದದ್ದಕ್ಕ ನಾಕನೇ ಸಲ.

ಹೊಸಾ ಗಾಜು ಕುಂದ್ರಿಸಿ, ಟೇಪ್ ಬಿಗದು,
ಮೂಲಿಗುಂಟ ಸಿಲಿಕಾನ್ ಹಿಂಡಿದ.
ಖೋಲಿ ತುಂಬ ಸಿರ್ಕಾದ ವಾಸನಿ.
ಇನ್ನ ಒಂದೇ ಎಳತದಾಗ ಒತ್ತಿ ಎಳೀಬೇಕು.
ತೋರಬೆರಳು ಇಟ್ಟು ನೋಡಿದ. ತಗದ.
ನನ್ನ ಕಡಿ ತಿರುಗಿದ.
“ಸಾಬೂನು ನೀರಾಗ ಅದ್ದು. ನಡುವ ನಿಂದ್ರಬ್ಯಾಡ.”
ಎಳದೆ. ಮೂಲಿಗೆ ಮುಟ್ಟಿದೆ.
“ತಗೀ.”

ಸೋಮವಾರ,
ನಾವು ನಾಕೇ ಮಂದಿ ಆದ್ರೂ ಡಾಕ್ಟರು ಹಾಕಿಸಿದ
ಹಾಜರಿ ಮಷೀನಿಗೆ ಹೆಬ್ಬೆಟ್ಟು ಇಟ್ಟೆ.
ಕೆಂಪು ದೀಪ. ಮತ್ತಿಟ್ಟೆ. ಕೆಂಪು.
ಬೆಟ್ಟಿಗೆ ತೆಳ್ಳಗ ಸಿಲಿಕಾನ್ ಒಣಗಿ ಕುಂತಿತ್ತು,
ಉಗುರೀಲೆ ಕೆರದೆ, ಬಿಡವಲ್ದು.
ಹಳೀ ವಹಿ ಹುಡುಕಿ ಸಹಿ ಮಾಡಿದೆ.

ವಾರ ನೀರು ಹಾಕಂಗಿಲ್ಲ.
ಸುರಪುರದ ಕಡೀ ಮುದುಕಿ ಒಬ್ಬಾಕಿ
ಗಲ್ಲಕ್ಕ ಕೈ ಹಚ್ಚಿಕೊಂಡು
ಖಾಲಿ ಪೆಟ್ಟಿಗೀನೇ ನೋಡಕೋತ ಕುಂತಾಳ.
ಇದರಾಗ ಏನದವ್ವ ಅಂದಳು.
ಒಣಗಲತ್ತದ, ಅಂದೆ.