ಒಡೆಯರು: ೧೦೦೩

ಡಬ್ಬಿ ಬದುಕಿದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಹಸಿರು ದೀಪ ಮಿಟುಕಿಸುತ್ತ
ಎರಡು ಡಿಸ್ಕು ಒಳಗೊಳಗೇ ಗೊಣಗುತ್ತಿವೆ.
ಹೆಸರು ಹಿಡಿದು ಕರೆದರೆ ನಿನ್ನೆ ಓಗೊಡಲಿಲ್ಲ,
ಅಂಕಿ ಹೇಳಿದರೆ ಓಗೊಟ್ಟಿತು.
ಅದನ್ನು ಹೇಗೋ ಸರಿಮಾಡಿದೆ.
ಇವತ್ತಿನದು ಬೇರೆ.

ಹೆರ್ನೆ ಬೀದಿಯ ಈ ಮರದ ಮನೆ ನನಗಿಂತ ಹಳೆಯದು.
ಹೆರ್ನೆ ಅಂದರೆ ಬಟಾಣಿ.
ಆಚೆಗೊಂದು ಆಲೂಗಡ್ಡೆ ಬೀದಿಯೂ ಇದೆ,
ತಾರ್ತುವಿನಲ್ಲಿ ನಮ್ಮದು ಸೂಪಿನ ಕೇರಿ.
ನಾಲ್ಕು ಬಿಡಾರ, ಒಂದು ಚಿಮಣಿ,
ಒಂದು ಸೌದೆಮನೆ, ಒಂದು ಡಬ್ಬಿ.
ಸೌನಾ ಸರದಿಯ ಪಟ್ಟಿ, ನೀರಿನ ಬಿಲ್ಲು,
ತಾವೋನ ಮಗು ಹಲ್ಲು ಬಂದಾಗ ನಕ್ಕದ್ದು,
ನನ್ನ ಅಕಾರ್ಡಿಯನ್ನಿನ ತಪ್ಪು ಸ್ವರಗಳು,
ಎಲ್ಲ ಅದರ ಹೊಟ್ಟೆಯಲ್ಲಿ.

ಗುರುವಾರ ಚಿಮಣಿ ಗುಡಿಸುವವನು ಬರುತ್ತಾನೆ.
ಹೊಗೆದಾರಿಯ ನಕ್ಷೆ ತೆಗೆದಿಡಿ ಅಂದಿದ್ದಾನೆ:
ಯಾವ ಒಲೆ ಯಾವ ಕೊಳವೆಗೆ,
ಎಲ್ಲಿ ತಿರುವು, ಎಲ್ಲಿ ಮಸಿ ತೆಗೆವ ಬಾಗಿಲು.
ನಕ್ಷೆ ಇದೆ. ಫೋಲ್ಡರು ಕಣ್ಣಿಗೆ ಕಾಣುತ್ತದೆ.
ಕೈಯಿಟ್ಟರೆ ಅನ್ನುತ್ತದೆ
ನಿಮಗೆ ಅನುಮತಿ ಇಲ್ಲ.

ನನಗೆ! ದುಡ್ಡು ಕೊಟ್ಟು ತಂದವಳಿಗೆ!

ಕೇಬಲ್ಲು ಕಿತ್ತು ಮತ್ತೆ ಸಿಕ್ಕಿಸಿದೆ.
ರೌಟರನ್ನು ಇಪ್ಪತ್ತು ಎಣಿಸುವವರೆಗೆ ಮಲಗಿಸಿ ಎಬ್ಬಿಸಿದೆ.
ಕೆಳಮನೆಯ ವಿಲ್ವೆ ಎಲೆಕೋಸಿನ ಕಡುಬು ತಂದು
ಬೈರಸ್ಸಿರಬೇಕು ಅಂದಳು.
(ವೈರಸ್ಸು ಅಲ್ಲ, ಬೈರಸ್ಸು. ತಿದ್ದಲಿಲ್ಲ. ಕಡುಬು ಚೆನ್ನಾಗಿತ್ತು.)

ಕೊನೆಗೆ ಆ ಕಪ್ಪು ಕಿಟಕಿ ತೆರೆದು
ನೇರವಾಗಿ ಕೇಳಿದೆ: ಯಾರದಿದು?
ಉಳಿದವಕ್ಕೆಲ್ಲ ಮುಂದೆ ಹೆಸರಿದೆ,
ಮೈಮು, ವಿಲ್ವೆ, ತಾವೋ.
ಇದೊಂದರ ಮುಂದೆ ಬರೀ ಅಂಕಿ.
೧೦೦೩.

ಹೆಲ್ದುರ್. ಮೇಲ್ಮನೆಯವನು.
ಹೆಸರಲ್ಲೇ ಧಾರಾಳ ಇಟ್ಟುಕೊಂಡು ಹುಟ್ಟಿದ್ದವನು.
ಒಂದು ಚಳಿಗಾಲವಿಡೀ ಪ್ರತಿ ಒಲೆಯ ಬಾಯಿಗೆ ತಲೆಹಾಕಿ
ಟಾರ್ಚು ಹಿಡಿದು ಆ ನಕ್ಷೆ ಬರೆದಿದ್ದ.
ಆಮೇಲೆ ಸೌದೆಮನೆಯ ಜಗಳ,
ಎಡಗೋಡೆ ಯಾರದು ಅಂತ.
ಅವನು ಹೋದ ದಿನವೇ, ವ್ಯಾನು ತಿರುವು ದಾಟುವ ಮೊದಲೇ,
ಬಳಕೆದಾರರ ಪಟ್ಟಿಯಿಂದ ಅವನನ್ನು ತೆಗೆದೆ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಅವನ ಕಡತಗಳನ್ನೂ ಅಳಿಸಲೇ? ಎಂದು ಕೇಳಿತ್ತು ಡಬ್ಬಿ.
ಬೇಡ ಅಂದಿದ್ದೆ. ಯಾಕೆಂದು
ಈಗಲೂ ಗೊತ್ತಿಲ್ಲ.

ದಾರಿ ಎರಡು.
ಒಂದೇ ಸಾಲಿನ ಆಜ್ಞೆ ಕೊಟ್ಟು
ಎಲ್ಲವನ್ನೂ ನನ್ನ ಹೆಸರಿಗೆ ಬರೆದುಕೊಳ್ಳುವುದು,
ಖಾತೆ ಬದಲಾವಣೆ, ಸಾಕ್ಷಿ ಬೇಡ, ಸಹಿ ಬೇಡ.
ಅರ್ಧ ಬರೆದೂ ಆಗಿತ್ತು.
ಬೆರಳು ನಿಂತಿತು:
ಎಡಗೋಡೆಯನ್ನೂ ಹೀಗೇ ಅಲ್ಲವೇ
ನಾನು ನನ್ನದು ಮಾಡಿಕೊಂಡದ್ದು.

ಇನ್ನೊಂದು ದಾರಿ ಉದ್ದ.
ಹೊಸ ಬಳಕೆದಾರ, ಹಳೇ ಅಂಕಿ.
ಹೆಸರು? ಎಂದಿತು.
ಆ ಆರಕ್ಷರಗಳನ್ನು
ಮೂರು ವರ್ಷದ ಮೇಲೆ ಒಂದೊಂದಾಗಿ ಒತ್ತಿದೆ.
೧೦೦೩ ಇದ್ದಲ್ಲೆಲ್ಲ, ಸದ್ದಿಲ್ಲದೆ,
ಮನುಷ್ಯ ಬಂದು ನಿಂತ.

ಅವನ ಹೆಸರಿನಲ್ಲಿ ಒಳಗೆ ಹೋದೆ. ನಕ್ಷೆ ಸಿಕ್ಕಿತು.
ಪೆನ್ಸಿಲ್ಲಿನ ಗೆರೆ, ನನ್ನ ಒಲೆಯ ಹತ್ತಿರ ಒಂದು ಟಿಪ್ಪಣಿ:
ಇಲ್ಲಿ ಇಟ್ಟಿಗೆ ಸಡಿಲ, ಮೈಮುಗೆ ಹೇಳಬೇಕು.
ಪಕ್ಕದಲ್ಲಿ ಇನ್ನೊಂದು ಫೋಲ್ಡರು, ಸೌದೆ ಅಂತ.
ಒಂಬತ್ತು ಶರತ್ಕಾಲಗಳ ಒಂಬತ್ತು ಫೋಟೋ.
ಮೊದಲನೆಯದು ಮಾತ್ರ ತೆರೆದೆ.
ಬರ್ಚಿನ ಸೌದೆ, ಬಿಳಿ ತೊಗಟೆ, ನೀಟಾಗಿ ಒಟ್ಟಿದ್ದು,
ಎಡಗೋಡೆಗೆ.
ಒಬ್ಬರಿಗೂ ತೋರಿಸಿರಲಿಲ್ಲ.

ಗುರುವಾರ, ಮಸಿಮುಖದ ಹುಡುಗ ಕಾಗದ ಬೆಳಕಿಗೆ ಹಿಡಿದು
ಅಚ್ಚುಕಟ್ಟು, ಯಾರು ಬರೆದದ್ದು? ಅಂದ.
ಹೇಳಿದೆ.
ಈಗ ಎಲ್ಲಿದ್ದಾರೆ?
ವೊರು ಕಡೆ ಅನ್ನುತ್ತಾರೆ, ಸರಿಯಾಗಿ ತಿಳಿಯದು.

ಡಬ್ಬಿಯ ಪಟ್ಟಿಯಲ್ಲಿ ನಾಲ್ಕು ಹೆಸರಿವೆ ಈಗ.
ನಾಲ್ಕನೆಯದರ ಗುಪ್ತಪದ ನನ್ನೊಬ್ಬಳಿಗೇ ಗೊತ್ತು,
ಅದೂ ಒಂದು ತಪ್ಪೇ.
ನನ್ನ ಸೌದೆಯನ್ನು ಬಲಕ್ಕೆ ಸಾಗಿಸುತ್ತಿದ್ದೇನೆ.
ಭುಜದೆತ್ತರ ಇಳಿದಿದೆ.
ಬೆನ್ನು ಹಿಡಿದುಕೊಂಡಿದೆ, ನಾಳೆ ಇನ್ನಷ್ಟು.