ಕಟ್ಟಿಟ್ಟ ಹೆಸರು

ಮೊಳೆ ಬಿಚ್ಚುವುದು ಸೋಮವಾರದ ಕೆಲಸ.
ಶನಿವಾರ ಮುಗಿದ ನಾಟಕದ ಹೆಸರುಗಳನ್ನೆಲ್ಲ
ಅಕ್ಷರ ಅಕ್ಷರ ಕಳಚಿ ಅದರದರ ಖಾನೆಗೆ ಹಾಕಬೇಕು.
ನಾಯಕಿಯ ತಲೆ, ಬಟ್ಲರನ ಬಾಲ
ಒಂದೇ ಖಾನೆಯಲ್ಲಿ ಮೈಗೆ ಮೈ ತಾಗಿ ಮಲಗುತ್ತವೆ.

ಒಂದನ್ನು ಮಾತ್ರ ಬಿಚ್ಚುವುದಿಲ್ಲ:
ವಾಲ್ಟರ್ ಪ್ಲಿಂಜ್.
ದಾರ ಸುತ್ತಿ ಕಿಟಕಿಯಲ್ಲಿಟ್ಟಿದ್ದೇನೆ
ಸೀಮೆಎಣ್ಣೆ ಡಬ್ಬಿಯ ಪಕ್ಕ, ಹನ್ನೊಂದು ವರ್ಷದಿಂದ.

ಇವನಿಗೆ ಯಾವಾಗ ಕರೆ ಬರುವುದೋ.
ಮೊದಲಂಕದ ಕೊಲೆಗಾರನೇ
ಗಡ್ಡ ಅಂಟಿಸಿಕೊಂಡು ಪಾದ್ರಿಯಾಗಿ ಬಂದರೆ
ಪಾದ್ರಿ: ವಾಲ್ಟರ್ ಪ್ಲಿಂಜ್.
ಆಳು ಸಿಗದಿದ್ದರೆ ಪ್ಲಿಂಜ್. ಸಿಕ್ಕವನು ನಾಚಿದರೂ ಪ್ಲಿಂಜ್.
ಒಂದು ವಾರ ನಮ್ಮ ಹ್ಯಾಲಿಫ್ಯಾಕ್ಸಿನಲ್ಲಿ ಅಂಚೆಯವನು,
ಅದೇ ವಾರ ಬ್ರಾಡ್‌ಫರ್ಡಿನಲ್ಲಿ ಬಿಷಪ್ಪು;
ನಡುವೆ ಎಂಟು ಮೈಲಿ ಮಂಜು.
ಯಾವ ಬಸ್ಸು ಹಿಡಿದ ಎಂದು ಯಾರೂ ಕೇಳಲಿಲ್ಲ.

ಲಂಡನ್ನಿನಲ್ಲಿ ಹೆಂಡದಂಗಡಿ ಇಟ್ಟಿದ್ದನಂತೆ,
ನಟರಿಗೆ ಸಾಲ ಬರೆಯುತ್ತಿದ್ದನಂತೆ,
ಹಣ ತೀರಿಸಲಾಗದವರು ಅವನ ಹೆಸರು ಮೆರೆಸಿದರಂತೆ.
ಅಂತೆಕಂತೆ.
ನನಗೆ ಗೊತ್ತಿರುವುದು ಅವನ ತೂಕ:
ಅಂಗೈಯಲ್ಲಿ ಒಂದು ಗುಬ್ಬಿಯಷ್ಟು ಸೀಸ.

ಆ ನವೆಂಬರಿನಲ್ಲಿ, ಇನ್ನೂ ಹಸಿ ಇದ್ದ ಕಟ್ಟು ಹೊತ್ತು
ಹಿಂಬಾಗಿಲಿಗೆ ಹೋದೆ.
ಮಿಸೆಸ್ ಆಕೆಂಡನ್ ತೋಳು ಹಿಡಿದಳು:
"ಕಾನ್‌ಸ್ಟೇಬಲ್ ಬಂದಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿರಬೇಕು.
ಈನಕ್, ನಿನಗೆ ಮಾತಿಲ್ಲ. ಲಾಂದ್ರ ಎತ್ತಿ ಹಿಡಿ, ಸಾಕು."
ಮಸಿ ತೊಳೆಯಲೂ ಬಿಡದೆ ಹೆಲ್ಮೆಟ್ಟು ತಲೆಗಿಟ್ಟಳು.

ನಾಲ್ಕು ನಿಮಿಷ ನಿಂತೆ.
ಗಂಡ ಸತ್ತವಳು ಅತ್ತಳು, ನನ್ನ ಎಡಗಿವಿಯ ಕಡೆ ನೋಡುತ್ತ.
ಏನನ್ನಿಸಿತೋ, ಹೆಲ್ಮೆಟ್ಟು ತೆಗೆದೆ.
ನಾಟಕದಲ್ಲಿ ಅದಿರಲಿಲ್ಲ.
ಕತ್ತಲಲ್ಲಿ ಯಾರೋ ಕೆಮ್ಮಿದರು;
ಇನ್ನೂರು ಮಡಿಲಲ್ಲಿ ಬೆಳಿಗ್ಗೆ ನಾನೇ ಅಚ್ಚೊತ್ತಿದ ನಾನು.

ಮನೆಯಲ್ಲಿ ಹೆಸ್ಟರ್ ಕೈಯೊರೆಸಿಕೊಂಡು
ಕಾಗದವನ್ನು ಗ್ಯಾಸ್ ದೀಪಕ್ಕೆ ಹಿಡಿದಳು.
"ಎಲ್ಲಿದ್ದೀಯ?"
ಬೆರಳಿಟ್ಟು ತೋರಿಸಿದೆ.
ತುಂಬ ಹೊತ್ತು ನೋಡಿದಳು.
"ನಿನ್ನ ಹೆಸರಿನ ಹತ್ತಿರ ಮಸಿ ಹರಡಿದೆ," ಅಂದಳು.

ಸೋಮವಾರ ದಾರ ಬಿಚ್ಚಿದೆ.
ಸವೆದ ಒಂದಕ್ಷರ ತೆಗೆದು ಹೊಸದು ಸೇರಿಸಿದೆ.
ನನ್ನ ಹೆಸರಲ್ಲೂ ಬರುವ ಅಕ್ಷರವೇ ಅದು,
ಆ ಹೆಸರನ್ನು ಈ ಕೈ ಎಂದೂ ಜೋಡಿಸಿಲ್ಲ.
ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು
ಗಂಟು ಬಿಗಿದೆ.